ಅಟ್ಟದ ತುಂಬ ಅಡಿಕೆ, ಕೈಯಲ್ಲಿ ಕಾಸಿಲ್ಲ

2022ರ ಜುಲೈ 9, ಶನಿವಾರ. ಕೊಲಂಬೋದಲ್ಲಿ ಜನ ಅಧ್ಯಕ್ಷರ ನಿವಾಸಕ್ಕೆ ನುಗ್ಗಿದ್ದರು. ಹುಡುಗರು ಈಜುಕೊಳಕ್ಕೆ ಧುಮುಕುತ್ತಿದ್ದರು, ಕೆಲವರು ಅಧ್ಯಕ್ಷರ ಮಂಚದ ಮೇಲೆ ಮಲಗಿ ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ನಾನು ಸ್ಟುಡಿಯೋದಲ್ಲಿ ನಿಂತು, ಬೆನ್ನ ಹಿಂದೆ ಬೆಂಕಿಯ ಗ್ರಾಫಿಕ್ಸ್ ಹಾಕಿಸಿಕೊಂಡು, 'ಲಂಕಾ ದಹನ' ಅಂತ ಗಂಟಲು ಹರಿಯುವ ಹಾಗೆ ಮಾತಾಡುತ್ತಿದ್ದೆ. ರಾತ್ರಿ ಮೇಕಪ್ ಒರೆಸಿಕೊಂಡು ಫೋನ್ ನೋಡಿದರೆ ಶಿವಮೊಗ್ಗದ ವಿದ್ಯಾನಗರದಿಂದ ಅಪ್ಪನ ಮೂರು ಮಿಸ್ಡ್ ಕಾಲ್.

"ಅಲ್ವೋ ಮಾರಾಯ, ಮೂರು ಗಂಟೆ ಕೂಗಿದೀಯ. ಆ ದೇಶದ ಹತ್ರ ದುಡ್ಡು ಯಾಕೆ ಖಾಲಿ ಆಯ್ತು ಅಂತ ಒಂದೇ ಒಂದು ಮಾತು ಹೇಳ್ಲಿಲ್ಲವಲ್ಲ?"

"ಹೇಳಿದ್ನಲ್ಲಪ್ಪ, ಸಾಲ ಜಾಸ್ತಿ ಆಯ್ತು ಅಂತ."

"ಸಾಲ ಯಾರಿಗಿಲ್ಲ? ಸಾಲ ಇದ್ದವರೆಲ್ಲ ಮುಳುಗ್ತಾರಾ? ನಿಮ್ಮಜ್ಜನ ಮನೆ ಅಟ್ಟ ನೆನಪಿದೆಯಾ ನಿಂಗೆ?"

ನೆನಪಿಲ್ಲದೆ ಇರುತ್ತಾ? 2001ನೇ ಇಸವಿ, ನಾನಾಗ ಎಂಟನೇ ಕ್ಲಾಸು. ಅಜ್ಜನ ಮನೆ ಸಾಗರದ ಹತ್ತಿರದ ಒಂದು ಹಳ್ಳಿ. ಆ ವರ್ಷ ಅಡಿಕೆ ರೇಟು ಬಿದ್ದು ಹೋಗಿತ್ತು. ಇವತ್ತಲ್ಲ ನಾಳೆ ಏರುತ್ತೆ ಅಂತ ಅಜ್ಜ ಹದಿನಾಲ್ಕು ಚೀಲ ಅಡಿಕೆಯನ್ನ ಅಟ್ಟದ ಮೇಲೆ ಇಟ್ಟುಕೊಂಡು ಕೂತಿದ್ದರು. ಒಂದು ರಾತ್ರಿ ಅಜ್ಜಿಗೆ ಇದ್ದಕ್ಕಿದ್ದಂತೆ ಬಾಯಿ ಸೊಟ್ಟಗಾಯಿತು, ಎಡಗೈ ಬಿದ್ದು ಹೋಯಿತು. ಜೀಪಿನಲ್ಲಿ ಹಾಕಿಕೊಂಡು ಶಿವಮೊಗ್ಗಕ್ಕೆ ತಂದರು. ಆಸ್ಪತ್ರೆಯ ಕೌಂಟರಿನಲ್ಲಿ ಇಪ್ಪತ್ತು ಸಾವಿರ ಅಡ್ವಾನ್ಸ್ ಕಟ್ಟಿ ಅಂದರು. ಅಜ್ಜನ ಅಂಗಿ ಜೇಬಿನಲ್ಲಿ ಇದ್ದದ್ದು ಸಾವಿರದ ಎಂಟುನೂರು ರೂಪಾಯಿ. ಅಟ್ಟದ ಮೇಲಿನ ಅಡಿಕೆಯನ್ನ ಸಿಕ್ಕಿದ ರೇಟಿಗೆ ಮಾರಿದರೂ ಲಕ್ಷದ ಹತ್ತಿರ ಬರುತ್ತಿತ್ತು. ಆದರೆ ರಾತ್ರಿ ಒಂದು ಗಂಟೆಗೆ ಅಡಿಕೆ ಕೊಳ್ಳೋರು ಯಾರು?

ಅಪ್ಪ ವಿದ್ಯಾನಗರದ ನಮ್ಮ ಬೀದಿಯ ಮನೆಮನೆ ಬಾಗಿಲು ತಟ್ಟಿದರು. ಒಬ್ಬರು ಎರಡು ಸಾವಿರ, ಇನ್ನೊಬ್ಬರು ಮೂರು ಸಾವಿರ. ಬೆಳಗಾಗುತ್ತಲೇ ಅಜ್ಜ ಮಂಡಿಗೆ ಓಡಿದರು. ಮಂಡಿ ಸಾಹುಕಾರರು ಕಾಗದ ಪತ್ರ ಏನೂ ಕೇಳದೆ ದುಡ್ಡು ಎಣಿಸಿ ಕೊಟ್ಟರು. ಅಜ್ಜಿ ಉಳಿದರು. ಆದರೆ ಆ ಎಡಗೈ ಮಾತ್ರ ಕೊನೆಯವರೆಗೂ ಮೇಲೆ ಏಳಲಿಲ್ಲ. ಆ ರಾತ್ರಿಯ ಐದಾರು ಗಂಟೆ ಯಾರ ಲೆಕ್ಕದಲ್ಲೂ ವಾಪಸ್ ಬರಲಿಲ್ಲ. ಅಜ್ಜ ಆಮೇಲೆ ಒಂದೇ ಮಾತು ಹೇಳುತ್ತಿದ್ದರು: "ಇದ್ದೂ ಇಲ್ಲದವರ ಹಾಗಾಯ್ತು."

ಸ್ನೇಹಿತರೇ, ನಾನು ಓದಿದ್ದು ಎಂಜಿನಿಯರಿಂಗ್. ಅರ್ಥಶಾಸ್ತ್ರದ ದಪ್ಪ ಪುಸ್ತಕಗಳು ನನಗೆ ತಡವಾಗಿ ಸಿಕ್ಕವು. ಆದರೆ ಆ ಪುಸ್ತಕಗಳಲ್ಲಿ 'ಲಿಕ್ವಿಡಿಟಿ' ಅನ್ನುವ ಪದ ಕಂಡಾಗಲೆಲ್ಲ ನನಗೆ ನೆನಪಾಗೋದು ಅಜ್ಜನ ಈ ಮಾತೇ. ಆಸ್ತಿ ಬೇರೆ, ಕೈಗೆ ಸಿಗುವ ದುಡ್ಡು ಬೇರೆ. ಮನೆಯಾಗಲಿ ದೇಶವಾಗಲಿ ಮುಗ್ಗರಿಸೋದು ಬಡತನದಿಂದಲೇ ಅಲ್ಲ. ಕೊಡಬೇಕಾದ ದಿನ ಕೈಯಲ್ಲಿ ಕಾಸಿಲ್ಲದೆ ಮುಗ್ಗರಿಸೋದೂ ಉಂಟು.

ನಮ್ಮ ಕಡೆಯ ಉದಾಹರಣೆಯನ್ನೇ ತಗೊಳ್ಳಿ. ಮಳೆಗಾಲದಲ್ಲಿ ನಾವು ದಿನಾ ಓದುತ್ತೇವೆ: ಭದ್ರಾ ಡ್ಯಾಂ ಗರಿಷ್ಠ ಮಟ್ಟ 186 ಅಡಿ, ಲಿಂಗನಮಕ್ಕಿ 1819 ಅಡಿ, ಇವತ್ತಿನ ಮಟ್ಟ ಇಷ್ಟು. ಆದರೆ ಡ್ಯಾಮಿನಲ್ಲಿರುವ ನೀರೆಲ್ಲ ನಾಲೆಗೆ ಹರಿಯೋದಿಲ್ಲ. ತೂಬಿಗಿಂತ ಕೆಳಗಿರುವ ನೀರಿಗೆ 'ಡೆಡ್ ಸ್ಟೋರೇಜ್' ಅಂತಾರೆ. ಕಣ್ಣಿಗೆ ಕಾಣುತ್ತೆ, ಗದ್ದೆಗೆ ಬರೋದಿಲ್ಲ. ದೇಶದ ವಿದೇಶಿ ವಿನಿಮಯ ಮೀಸಲಿನ ಕಥೆಯೂ ಇಷ್ಟೇ. ರೂಪಾಯಿಯನ್ನ ನಾವೇ ಮುದ್ರಿಸಿಕೊಳ್ಳಬಹುದು. ಡಾಲರ್ ಮುದ್ರಿಸೋಕೆ ಆಗಲ್ಲ. ಪೆಟ್ರೋಲು, ಗ್ಯಾಸು, ಔಷಧಿ, ಹಳೇ ಸಾಲದ ಕಂತು, ಎಲ್ಲಕ್ಕೂ ಡಾಲರೇ ಬೇಕು. ಕೇಂದ್ರ ಬ್ಯಾಂಕಿನ ಹತ್ತಿರ ಒಟ್ಟು ಎಷ್ಟಿದೆ ಅನ್ನೋದು ಡ್ಯಾಮಿನ ಮಟ್ಟ. ಅದರಲ್ಲಿ ತೂಬಿನಿಂದ ಹೊರಬರುವುದು ಎಷ್ಟು? ಅದೇ ಅಸಲಿ ಪ್ರಶ್ನೆ.

ಅಪ್ಪ ಆ ರಾತ್ರಿ ಫೋನ್ ಇಡುವ ಮುಂಚೆ ಇನ್ನೊಂದು ಮಾತು ಹೇಳಿದ್ದರು. "ಇದನ್ನ ತಿಳ್ಕೊಳ್ಳೋಕೆ ಲಂಕೆವರೆಗೆ ಯಾಕೆ ಹೋಗ್ತೀಯ? ನಮ್ಮ ಜಿಲ್ಲೆನೇ ಒಂದು ಕಾಲಕ್ಕೆ ಒಂದು ದೇಶ ಆಗಿತ್ತಲ್ಲ. ಬಿದನೂರು ಹೇಗೆ ಬದುಕ್ತು, ಹೇಗೆ ಬಿತ್ತು ಅಂತ ಓದು."

ಓದಿದೆ. ಓದುತ್ತಾ ಹೋದ ಹಾಗೆ, ಅವತ್ತು ಸ್ಟುಡಿಯೋದಲ್ಲಿ ನಾನು ಹೇಳಬೇಕಿದ್ದ ಕಥೆ ನಮ್ಮ ಮನೆಯಿಂದ ಎರಡು ಗಂಟೆ ದಾರಿಯಲ್ಲೇ ಇತ್ತಲ್ಲ ಅನ್ನಿಸಿತು.

ಕೆಳದಿ, ಇಕ್ಕೇರಿ, ಬಿದನೂರು. ಇವತ್ತಿನ ಶಿವಮೊಗ್ಗ ಜಿಲ್ಲೆಯ ಮೂರು ಊರು, ಒಂದೇ ರಾಜ್ಯದ ಒಂದಾದ ಮೇಲೊಂದು ರಾಜಧಾನಿ. ವಿಜಯನಗರದ ಸಾಮಂತರಾಗಿ ಶುರುವಾದ ಕೆಳದಿ ನಾಯಕರು, 1565ರಲ್ಲಿ ವಿಜಯನಗರ ಸೋತ ಮೇಲೆ ನಿಧಾನವಾಗಿ ಸ್ವತಂತ್ರರಾದರು. ಉಚ್ಛ್ರಾಯದಲ್ಲಿ ಅವರ ಕೈ ಕಾಸರಗೋಡಿನ ಕಡೆವರೆಗೂ ಚಾಚಿತ್ತು. ಬೇಕಲದ ಕೋಟೆ ಕಟ್ಟಿಸಿದ ಹೆಗ್ಗಳಿಕೆ ಶಿವಪ್ಪ ನಾಯಕನದ್ದು. ಆದರೂ ಮೊಘಲರು, ಬಿಜಾಪುರದವರು, ಮರಾಠರ ಪಕ್ಕ ನಿಲ್ಲಿಸಿ ನೋಡಿದರೆ ಇದು ಸಣ್ಣ ದೇಶವೇ. ಘಟ್ಟದ ಮೇಲೊಂದಿಷ್ಟು ಕಾಡು, ಘಟ್ಟದ ಕೆಳಗೆ ಒಂದು ಪಟ್ಟಿ ಕರಾವಳಿ.

ಹಾಗಾದರೆ ಈ ಸಣ್ಣ ದೇಶ ಎರಡೂವರೆ ಶತಮಾನ ಹೇಗೆ ಉಳಿಯಿತು?

ಉತ್ತರ ನಮ್ಮ ಅಡುಗೆಮನೆಯಲ್ಲೇ ಇದೆ. ಕಾಳುಮೆಣಸು ಮತ್ತು ಅಕ್ಕಿ. ಘಟ್ಟದ ಮೇಲಿನ ಮೆಣಸು, ಘಟ್ಟದ ಕೆಳಗಿನ ಅಕ್ಕಿ, ಹೊನ್ನಾವರ, ಬಸ್ರೂರು, ಮಂಗಳೂರಿನ ಬಂದರುಗಳಿಂದ ಹಡಗು ಹತ್ತುತ್ತಿದ್ದವು. ಗೋವಾದ ಪೋರ್ಚುಗೀಸರು ಉಣ್ಣುತ್ತಿದ್ದ ಅನ್ನದಲ್ಲಿ ಬಹುಪಾಲು ಕೆನರಾ ಕರಾವಳಿಯ ಅಕ್ಕಿಯದ್ದು. ಅರಬ್ಬರೂ ಅಕ್ಕಿಗೆ ಬರುತ್ತಿದ್ದರು. ಬದಲಿಗೆ ಏನು ಬರುತ್ತಿತ್ತು? ಕುದುರೆ ಬರುತ್ತಿತ್ತು, ಅದಕ್ಕಿಂತ ಮುಖ್ಯವಾಗಿ ಚಿನ್ನ ಬೆಳ್ಳಿ ಬರುತ್ತಿತ್ತು. ಇವತ್ತಿನ ಭಾಷೆಯಲ್ಲಿ ಹೇಳೋದಾದರೆ ಕೆಳದಿಯದ್ದು ಪಕ್ಕಾ ರಫ್ತು ಆರ್ಥಿಕತೆ. ದಕ್ಷಿಣ ಅಮೆರಿಕದ ಗಣಿಯಲ್ಲಿ ಅಗೆದ ಬೆಳ್ಳಿ ಯುರೋಪು ದಾಟಿ, ಸಮುದ್ರ ದಾಟಿ, ನಮ್ಮ ಮೆಣಸಿನ ಬಳ್ಳಿ ಹುಡುಕಿಕೊಂಡು ಬರುತ್ತಿದ್ದ ಕಾಲ ಅದು.

ಆ ಐಶ್ವರ್ಯದ ಗುರುತೇ ಇಕ್ಕೇರಿ ವರಹ. ಸದಾಶಿವ ನಾಯಕನ ಹೆಸರಿನ ಚಿನ್ನದ ನಾಣ್ಯ. ಒಂದು ಕಡೆ ಶಿವ ಪಾರ್ವತಿ, ಇನ್ನೊಂದು ಕಡೆ ನಾಗರಿ ಅಕ್ಷರದಲ್ಲಿ ಶ್ರೀ ಸದಾಶಿವ. ತೂಕ ಮೂರೂವರೆ ಗ್ರಾಂ ಹತ್ತಿರ. ಮುಂದೆ ಹೈದರ್ ಅಲಿ ಇದೇ ರಾಜ್ಯವನ್ನ ಗೆದ್ದ ಮೇಲೂ ತನ್ನ ವರಹದ ಮೇಲೆ ಅದೇ ಶಿವ ಪಾರ್ವತಿಯರನ್ನ ಉಳಿಸಿಕೊಂಡ, ಹಿಂಬದಿಗೆ ತನ್ನ ಹೆಸರಿನ ಮೊದಲ ಪರ್ಷಿಯನ್ ಅಕ್ಷರ ಹಾಕಿಸಿದ. ಟಿಪ್ಪು ನಂತರ ಬಂದ ಮುಮ್ಮಡಿ ಕೃಷ್ಣರಾಜ ಒಡೆಯರ ವರಹದ ಮೇಲೂ ಶಿವ ಪಾರ್ವತಿಯರೇ. ಒಂದು ಕ್ಷಣ ಯೋಚಿಸಿ. ರಾಜರು ಬದಲಾದರು, ಧರ್ಮ ಬದಲಾಯಿತು, ರಾಜಧಾನಿ ಬದಲಾಯಿತು. ನಾಣ್ಯದ ಮುಖ ಬದಲಾಗಲಿಲ್ಲ. ಯಾಕೆ? ಸಂತೆಯಲ್ಲಿ ಕೂತ ವ್ಯಾಪಾರಿ ಆ ಮುಖವನ್ನ ನಂಬಿದ್ದ. ನಂಬಿಕೆ ಕಟ್ಟೋಕೆ ತಲೆಮಾರುಗಳೇ ಬೇಕು; ಗೆದ್ದವನಿಗೂ ಅದನ್ನ ಕೆಡಿಸಿಕೊಳ್ಳೋಕೆ ಇಷ್ಟ ಇರಲಿಲ್ಲ.

ಈಗ 1623ಕ್ಕೆ ಬನ್ನಿ. ಆ ವರ್ಷದ ನವೆಂಬರಿನಲ್ಲಿ ಒಬ್ಬ ಇಟಲಿಯವನು ಹೊನ್ನಾವರ, ಗೇರುಸೊಪ್ಪೆ ದಾಟಿ ಘಟ್ಟ ಹತ್ತಿ ಇಕ್ಕೇರಿಗೆ ಬಂದ. ಹೆಸರು ಪಿಯೆತ್ರೊ ದೆಲ್ಲಾ ವಾಲೆ, ಊರು ರೋಮ್. ಪರ್ಷಿಯಾದಲ್ಲಿ ತೀರಿಕೊಂಡ ಹೆಂಡತಿಯ ದೇಹವನ್ನ ಪೆಟ್ಟಿಗೆಯಲ್ಲಿ ಕಾಪಾಡಿಕೊಂಡು ದೇಶ ದೇಶ ಸುತ್ತಿ, ವರ್ಷಗಳ ನಂತರ ರೋಮಿನಲ್ಲಿ ಮಣ್ಣು ಮಾಡಿದ ವಿಚಿತ್ರ ಮನುಷ್ಯ. ಘಟ್ಟದ ದಾರಿಯಲ್ಲಿ ಒಂದು ಗುಡಿಯ ಮುಖಮಂಟಪದಲ್ಲಿ ನಾಲ್ಕು ಹುಡುಗರು ಲೆಕ್ಕ ಕಲಿಯೋದನ್ನ ಅವನು ನೋಡಿದ. ರಾಗವಾಗಿ ಹೇಳುತ್ತಾ, ನೆಲದ ಮೇಲೆ ಹರಡಿದ ಮರಳಿನಲ್ಲಿ ಬೆರಳಿನಿಂದ ಬರೆಯುತ್ತಿದ್ದರಂತೆ. ನೆಲ ತುಂಬಿದರೆ ಮತ್ತೆ ಮರಳು ಹರಡಿದರಾಯಿತು. ಕಾಗದದ ಖರ್ಚಿಲ್ಲ, ಶಾಯಿಯ ಖರ್ಚಿಲ್ಲ. ಈ ಕಾಗದದ ವಿಷಯ ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೆ.

ದೆಲ್ಲಾ ವಾಲೆ ಬಂದದ್ದು ಪೋರ್ಚುಗೀಸ್ ರಾಯಭಾರಿಯ ಜೊತೆ. ರಾಯಭಾರಿ ಬಂದದ್ದು ಯಾಕೆ? ಇಲ್ಲೇ ಇರೋದು ಸ್ವಾರಸ್ಯ. ಇಕ್ಕೇರಿಯ ವೆಂಕಟಪ್ಪ ನಾಯಕನಿಂದ ಪೋರ್ಚುಗೀಸರು ಮೆಣಸು ಕೊಳ್ಳುತ್ತಿದ್ದರು. ಆ ವರ್ಷ ಪೋರ್ಚುಗಲ್ಲಿನಿಂದ ಬರಬೇಕಿದ್ದ ಹಡಗು ಬರಲಿಲ್ಲ. ಹಡಗು ಬರದಿದ್ದರೆ ಹಣ ಬರಲ್ಲ. ಅದರ ಹಿಂದಿನ ವರ್ಷವಷ್ಟೇ, 1622ರಲ್ಲಿ, ಹೊರ್ಮುಜ್ ಕೈತಪ್ಪಿ ಅಲ್ಲಿನ ಸುಂಕದ ಆದಾಯವೂ ಹೋಗಿತ್ತು. ಗೋವಾದ ಖಜಾನೆಯಲ್ಲಿ ಈ ವರ್ಷದ ಮೆಣಸು ಕೊಳ್ಳೋಕೆ ದುಡ್ಡಿಲ್ಲ. ಹೋಗಲಿ, ಹೋದ ವರ್ಷ ಕೊಂಡ ಮೆಣಸಿನ ಬಾಕಿ ತೀರಿಸೋಕೂ ಇಲ್ಲ! ಅದಕ್ಕೇ ರಾಯಭಾರಿಯನ್ನ ಕಳಿಸಿದರು, ಜೊತೆಗೆ ಉಡುಗೊರೆಯಾಗಿ ಕುದುರೆಗಳನ್ನ ಕಳಿಸಿದರು. ನಾಯಕ ಸಿಟ್ಟಾಗದಿರಲಿ, ಇನ್ನೊಂದಿಷ್ಟು ಕಾಲಾವಕಾಶ ಸಿಗಲಿ ಅಂತ.

ಬ್ರೆಜಿಲ್‌ನಿಂದ ಮಕಾವ್‌ವರೆಗೆ ಕೋಟೆ ಕಟ್ಟಿಕೊಂಡಿದ್ದ ಸಾಮ್ರಾಜ್ಯ ನಮ್ಮ ಸಾಗರ ತಾಲ್ಲೂಕಿನ ಒಬ್ಬ ನಾಯಕನ ಮುಂದೆ ಕೈಕಟ್ಟಿ ನಿಂತಿತ್ತು. ಪೋರ್ಚುಗೀಸರು ಬಡವರೇ? ಖಂಡಿತ ಅಲ್ಲ. ಆಸ್ತಿ ಜಗತ್ತಿನ ತುಂಬ ಇತ್ತು. ಮೆಣಸಿನ ಬಾಕಿ ಕೊಡಬೇಕಾದ ದಿನ ಗೋವಾದಲ್ಲಿ ನಾಣ್ಯ ಇರಲಿಲ್ಲ, ಅಷ್ಟೇ. ಅಟ್ಟದ ತುಂಬ ಅಡಿಕೆ, ಕೈಯಲ್ಲಿ ಕಾಸಿಲ್ಲ. ದುಡ್ಡಿಲ್ಲದವನಿಗೆ ಮಾತಿನಲ್ಲೂ ದನಿ ಇರಲ್ಲ. ಮಂಗಳೂರಿನ ಕಡೆಯ ಬಂಗರಾಜ ಅವರ ಹಳೇ ಮಿತ್ರ. ವೆಂಕಟಪ್ಪ ಅವನನ್ನ ಒಕ್ಕಲೆಬ್ಬಿಸಿದಾಗ ಪೋರ್ಚುಗೀಸರು ಗಟ್ಟಿಯಾಗಿ ಎದುರು ಮಾತಾಡೋಕೆ ಆಗಲಿಲ್ಲ. ಮುಂದೆ 1652ರಿಂದ 1654ರ ಒಳಗೆ ಶಿವಪ್ಪ ನಾಯಕ ಬಸ್ರೂರು, ಹೊನ್ನಾವರ, ಮಂಗಳೂರಿನ ಅವರ ಕೋಟೆಗಳನ್ನೇ ಕಿತ್ತುಕೊಂಡ.

ಶಿವಪ್ಪ ನಾಯಕ ಅಂದರೆ ಶಿವಮೊಗ್ಗದವರಿಗೆ ಅರಮನೆ ನೆನಪಾಗುತ್ತೆ, ಬಸ್ ಸ್ಟ್ಯಾಂಡಿನ ಹತ್ತಿರದ ಪ್ರತಿಮೆ ನೆನಪಾಗುತ್ತೆ. ನನಗೆ ನೆನಪಾಗೋದು 'ಶಿಸ್ತು'. ಪ್ರತಿ ದರ್ಜೆಯ ಜಮೀನನ್ನೂ ತನ್ನ ಲೆಕ್ಕದಲ್ಲೇ ಹನ್ನೆರಡು ವರ್ಷ ಸಾಗುವಳಿ ಮಾಡಿಸಿ, ಬೀಜ ಎಷ್ಟು, ಬೆಳೆ ಎಷ್ಟು, ಪೇಟೆ ಬೆಲೆ ಎಷ್ಟು ಅಂತ ಬರೆಸಿ, ಸರಾಸರಿ ತೆಗೆದು, ಉತ್ಪತ್ತಿಯ ಮೂರನೇ ಒಂದು ಭಾಗ ಕಂದಾಯ ಅಂತ ನಿಗದಿ ಮಾಡಿದ ಅಂತ ದಾಖಲೆಗಳು ಹೇಳುತ್ತವೆ. ಎಂಜಿನಿಯರಿಂಗ್ ಓದಿದ ನನಗೆ ಇದು ಡೇಟಾ ಕಲೆಕ್ಷನ್ನೇ! ರೈತನಿಗೆ ತಾನು ಎಷ್ಟು ಕೊಡಬೇಕು ಅಂತ ಗೊತ್ತು, ಸರ್ಕಾರಕ್ಕೆ ಎಷ್ಟು ಬರುತ್ತೆ ಅಂತ ಗೊತ್ತು. ವರ್ಷ ವರ್ಷ ತಪ್ಪದೆ ಹರಿಯುವ ಹಳ್ಳ ಅದು. ದೊಡ್ಡ ಡ್ಯಾಮಿಗಿಂತ ತಪ್ಪದೆ ಹರಿಯುವ ಹಳ್ಳ ಮುಖ್ಯ.

ಆದರೆ ನೂರು ವರ್ಷ ಕಳೆಯುವ ಹೊತ್ತಿಗೆ ಏನಾಯಿತು? ಹಳ್ಳಕ್ಕಿಂತ ಡ್ಯಾಮೇ ಹೆಸರುವಾಸಿಯಾಯಿತು. ಬಿದನೂರಿನ ಖಜಾನೆ, ಬಿದನೂರಿನ ಸಾಹುಕಾರರು, ಬಿದನೂರಿನ ಚಿನ್ನ. ಅಷ್ಟರಲ್ಲಿ ಅರಮನೆಯೊಳಗೆ ವಾರಸುದಾರಿಕೆಯ ಜಗಳ. ಗದ್ದುಗೆಯ ಮೇಲೆ ರಾಣಿ ವೀರಮ್ಮಾಜಿ. ಗದ್ದುಗೆ ತನ್ನದು ಅಂತ ಒಬ್ಬ ಹೈದರ್ ಅಲಿಯ ಹತ್ತಿರ ಹೋದ. ಹೈದರನಿಗೆ ಅಷ್ಟು ನೆಪ ಸಾಕಿತ್ತು. 1763ರ ಶುರುವಿನಲ್ಲಿ ಅವನ ಸೈನ್ಯ ನಮ್ಮ ಶಿವಮೊಗ್ಗದ ದಾರಿಯಾಗಿಯೇ ಬಿದನೂರಿನ ಕಡೆ ಹೊರಟಿತು.

ರಾಣಿ ಏನು ಮಾಡಿದಳು? ಹಣದ ಆಮಿಷ ಕಳಿಸಿದಳು. ವಾಪಸ್ ಹೋಗು, ಇಷ್ಟು ಲಕ್ಷ ವರಹ ಕೊಡ್ತೀನಿ ಅಂತ. ಹೈದರ್ ನಿಲ್ಲಲಿಲ್ಲ. ಅವನು ಹತ್ತಿರ ಬಂದ ಹಾಗೆಲ್ಲ ಮೊತ್ತ ಏರುತ್ತಾ ಹೋಯಿತು. ನೀವೇ ಯೋಚನೆ ಮಾಡಿ. ಸಂತೆಯಲ್ಲಿ ನಾವು ರೇಟು ಏರಿಸುತ್ತಾ ಹೋದರೆ ಎದುರಿನವನಿಗೆ ಏನು ಅರ್ಥ ಆಗುತ್ತೆ? ಇವರ ಜೇಬಿನಲ್ಲಿ ಇನ್ನೂ ಇದೆ ಅಂತ. ಒಂದೊಂದು ಹೊಸ ಮೊತ್ತವೂ ಒಳಗೆ ಎಷ್ಟಿದೆ ಅಂತ ಹೈದರನಿಗೆ ಹೇಳಿಕೊಟ್ಟಿತು. ಕೆಳದಿಯ ಹಳೇ ಮಂತ್ರಿಯೊಬ್ಬ ಕಾಡಿನ ಗುಟ್ಟಿನ ದಾರಿ ತೋರಿಸಿದ. ರಾಣಿ ಬಲ್ಲಾಳರಾಯನದುರ್ಗಕ್ಕೆ ಓಡಿದಳು, ಅರಮನೆಗೆ ಬೆಂಕಿ ಬಿತ್ತು. ಹೈದರ್ ಬೆಂಕಿ ಆರಿಸಿ, ಸಾಹುಕಾರರ ಮನೆಗಳಿಗೆ ಮುದ್ರೆ ಹಾಕಿಸಿದ. ರಾಣಿ ಸಿಕ್ಕಿಬಿದ್ದು ಮಧುಗಿರಿಯ ಸೆರೆ ಸೇರಿದಳು.

ಸಿಕ್ಕಿದ್ದು ಎಷ್ಟು? ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಇತಿಹಾಸಕಾರ ಮಾರ್ಕ್ ವಿಲ್ಕ್ಸ್ ಕೊಡುವ ಅಂದಾಜು 1 ಕೋಟಿ 20 ಲಕ್ಷ ಪೌಂಡ್. ಉತ್ಪ್ರೇಕ್ಷೆ ಅಂತ ಅರ್ಧಕ್ಕೆ ಇಳಿಸಿದರೂ ತಲೆ ತಿರುಗುವ ಮೊತ್ತ. ತನ್ನ ಮುಂದಿನ ಏಳಿಗೆಗೆಲ್ಲ ಬಿದನೂರೇ ಅಡಿಪಾಯ ಅಂತ ಹೈದರ್ ಹೇಳಿಕೊಳ್ಳುತ್ತಿದ್ದನಂತೆ. ಊರಿಗೆ ಹೈದರ್ ನಗರ ಅಂತ ತನ್ನ ಹೆಸರನ್ನೇ ಇಟ್ಟ. ಅದೇ ಇವತ್ತಿನ ನಗರ.

ನೋಡಿ, ಇಲ್ಲಿ ಇತಿಹಾಸ ಎರಡು ಪಾಠ ಹೇಳುತ್ತೆ. 1623ರಲ್ಲಿ ಕಾಸಿಲ್ಲದ ದೊಡ್ಡವನು ಬಗ್ಗಿದ. 1763ರಲ್ಲಿ ಕಾಸಿದ್ದ ಸಣ್ಣವನು ಬಿದ್ದ. ಹಾಗಾದರೆ ಖಜಾನೆ ತುಂಬಿದ್ದರೆ ಸಾಲದಾ? ಸಾಲದು. ಆಪತ್ತಿನ ದಿನ ದುಡ್ಡು ಸೈನ್ಯ ಆಗಬೇಕು, ಮಿತ್ರ ಆಗಬೇಕು, ಒಗ್ಗಟ್ಟು ಆಗಬೇಕು. ಬಿದನೂರಿನಲ್ಲಿ ಅದು ಪೆಟ್ಟಿಗೆಯಲ್ಲೇ ಉಳಿಯಿತು. ಡೆಡ್ ಸ್ಟೋರೇಜ್!

ಆ ಖಜಾನೆಯ ಶಾಪವೋ ಏನೋ, ಅಲ್ಲಿಗೇ ಮುಗಿಯಲಿಲ್ಲ. 1783ರ ಜನವರಿಯಲ್ಲಿ ಬ್ರಿಟಿಷ್ ಜನರಲ್ ಮ್ಯಾಥ್ಯೂಸ್ ಬಿದನೂರು ಹಿಡಿದ. ಮೂರು ನಾಲ್ಕು ತಿಂಗಳಲ್ಲಿ ಟಿಪ್ಪು ಅದನ್ನ ವಾಪಸ್ ಗೆದ್ದ. ಖಜಾನೆ ಒಪ್ಪಿಸಬೇಕು ಅನ್ನೋದು ಶರಣಾಗತಿಯ ಷರತ್ತು. ತೆರೆದು ನೋಡಿದರೆ ಖಾಲಿ. ಒಪ್ಪಂದ ಮುರಿದು ಬಿತ್ತು, ಮ್ಯಾಥ್ಯೂಸ್ ಶ್ರೀರಂಗಪಟ್ಟಣದ ಸೆರೆಯಲ್ಲಿ ಸತ್ತ. ಒಂಬತ್ತು ವರ್ಷದ ನಂತರ ಸರದಿ ಟಿಪ್ಪುವಿನದ್ದು. 1792ರ ಶ್ರೀರಂಗಪಟ್ಟಣ ಒಪ್ಪಂದ: ಅರ್ಧ ರಾಜ್ಯ, ಜೊತೆಗೆ 3 ಕೋಟಿ 30 ಲಕ್ಷ ರೂಪಾಯಿ. ಅರ್ಧ ತಕ್ಷಣ, ಉಳಿದದ್ದು ಮೂರು ಕಂತು, ಕಂತಿಗೆ ನಾಲ್ಕು ತಿಂಗಳ ಗಡುವು. ಸರಿಯಾದ ತೂಕದ ಚಿನ್ನ ಬೆಳ್ಳಿಯಲ್ಲೇ ಕೊಡಬೇಕು. ಅಲ್ಲಿಯವರೆಗೆ ಅಡ ಏನು? ಎಂಟು ಹತ್ತು ವರ್ಷದ ಇಬ್ಬರು ಗಂಡುಮಕ್ಕಳು. 1794ರಲ್ಲಿ ಬಾಕಿ ತೀರಿದ ಮೇಲಷ್ಟೇ ಮಕ್ಕಳು ಮನೆಗೆ ಬಂದರು. 'ಅಲ್ಪಾವಧಿ ವಿದೇಶಿ ಸಾಲ' ಅನ್ನುವ ಒಣ ಪದ ಕೇಳಿದಾಗ ಆ ಇಬ್ಬರು ಮಕ್ಕಳನ್ನ ನೆನಪಿಸಿಕೊಳ್ಳಿ. ಗಡುವು ಹಾಕಿಸಿಕೊಂಡ ಸಾಲಕ್ಕೆ ಕೊನೆಗೆ ಅಡ ಆಗೋದು ಮನೆಯ ಮಕ್ಕಳೇ.

ಇನ್ನೂರು ವರ್ಷದ ನಂತರ ಭಾರತವೂ ಅಡ ಇಡಬೇಕಾಯಿತು. 1991. ನಾನಾಗ ಮೂರು ವರ್ಷದ ಕೂಸು. ಕೊಲ್ಲಿ ಯುದ್ಧದಿಂದ ತೈಲದ ಬೆಲೆ ಏರಿತ್ತು, ಅನಿವಾಸಿ ಭಾರತೀಯರು ಠೇವಣಿ ಕೀಳುತ್ತಿದ್ದರು, ದೆಹಲಿಯಲ್ಲಿ ಸರ್ಕಾರ ಅಲುಗಾಡುತ್ತಿತ್ತು. ದೇಶದ ಹತ್ತಿರ ಉಳಿದಿದ್ದ ಡಾಲರ್ ಎರಡು ಮೂರು ವಾರದ ಆಮದಿಗೆ ಆಗುವಷ್ಟು. ಮೇ ತಿಂಗಳಲ್ಲಿ ಸ್ಟೇಟ್ ಬ್ಯಾಂಕಿನ ಮೂಲಕ 20 ಟನ್ ಚಿನ್ನ ಸ್ವಿಟ್ಜರ್ಲೆಂಡಿನ ಬ್ಯಾಂಕಿಗೆ ಹೋಯಿತು. ಜುಲೈನಲ್ಲಿ ರಿಸರ್ವ್ ಬ್ಯಾಂಕ್ ಸುಮಾರು 47 ಟನ್ ಚಿನ್ನ ಅಡ ಇಟ್ಟು, ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನ್‌ನಿಂದ 40 ಕೋಟಿ ಡಾಲರ್ ತಂದಿತು. ಮನೆಯ ಒಡವೆ ಮಾರ್ವಾಡಿ ಅಂಗಡಿಗೆ ಹೋದ ಹಾಗೆ ದೇಶಕ್ಕೆ ದೇಶವೇ ಮುಜುಗರಪಟ್ಟಿತು. ಆದರೆ ನಾವು ಒಂದೇ ಒಂದು ಕಂತನ್ನೂ ತಪ್ಪಿಸಲಿಲ್ಲ. ಹೆಸರು ಉಳಿಯಿತು. ಅದೇ ವರ್ಷ ಸಾಲ ತೀರಿಸಿ ಚಿನ್ನ ಬಿಡಿಸಿಕೊಂಡೆವು. 2009ರಲ್ಲಿ ಅದೇ ಭಾರತ ಐಎಂಎಫ್‌ನಿಂದ 200 ಟನ್ ಚಿನ್ನ ಕೊಂಡುಕೊಂಡಿತು.

ಈಗ ಮತ್ತೆ ಲಂಕೆಗೆ ಬರೋಣ. ನಾನು ಅವತ್ತು ಹೇಳದೆ ಬಿಟ್ಟ ಲೆಕ್ಕ ಇದು. 2019ರ ಕೊನೆಯಲ್ಲಿ ಶ್ರೀಲಂಕಾದ ಮೀಸಲು 760 ಕೋಟಿ ಡಾಲರ್. ಆ ವರ್ಷವೇ ಈಸ್ಟರ್ ದಿನದ ಬಾಂಬ್ ಸ್ಫೋಟ ಪ್ರವಾಸೋದ್ಯಮಕ್ಕೆ ಪೆಟ್ಟು ಕೊಟ್ಟಿತ್ತು. ಹೊಸ ಸರ್ಕಾರ ವ್ಯಾಟ್ ತೆರಿಗೆಯನ್ನ ಶೇ. 15ರಿಂದ ಶೇ. 8ಕ್ಕೆ ಇಳಿಸಿತು. ಜನ ಚಪ್ಪಾಳೆ ತಟ್ಟಿದರು, ಸಾಲ ಕೊಡೋರು ಹಿಂದೆ ಸರಿದರು. ಕೊರೊನಾ ಬಂತು, ಪ್ರವಾಸಿಗರು ನಿಂತರು. 2020ರ ಕೊನೆಗೆ 570 ಕೋಟಿ, 2021ರ ಕೊನೆಗೆ 310 ಕೋಟಿ. ಅವರ ರೂಪಾಯಿಯನ್ನ ಡಾಲರಿಗೆ 200ರ ಹತ್ತಿರವೇ ಹಿಡಿದಿಡೋಕೆ ಇದ್ದ ಡಾಲರ್ ಸುಟ್ಟರು. 2022ರಲ್ಲಿ ಕಟ್ಟಬೇಕಿದ್ದ ವಿದೇಶಿ ಸಾಲ ಸುಮಾರು 700 ಕೋಟಿ. ಮಾರ್ಚ್ ಕೊನೆಗೆ ಕೈಯಲ್ಲಿ ಇದ್ದದ್ದು, ಕಾಗದದ ಮೇಲೆ, 190 ಕೋಟಿ.

ಕಾಗದದ ಮೇಲೆ ಅಂದೆ. ಯಾಕೆಂದರೆ ಅದರಲ್ಲಿ 150 ಕೋಟಿ ಡಾಲರ್ ಬೆಲೆಯದ್ದು ಚೀನಾ ಕೊಟ್ಟ ಯುವಾನ್. ಷರತ್ತು ಏನು ಗೊತ್ತಾ? ಮೂರು ತಿಂಗಳ ಆಮದಿಗಾಗುವಷ್ಟು ಮೀಸಲು ನಿನ್ನ ಹತ್ತಿರ ಇದ್ದರೆ ಮಾತ್ರ ಇದನ್ನ ಮುಟ್ಟಬಹುದು! ಬಾಯಾರಿದವನಿಗೆ, ನಿನ್ನ ಕೊಡ ತುಂಬಿದ್ದರೆ ಮಾತ್ರ ನೀರು ಕುಡಿ ಅಂದ ಹಾಗೆ. ಮೇ ತಿಂಗಳ ಶುರುವಿನಲ್ಲಿ ಹಣಕಾಸು ಸಚಿವ ಅಲಿ ಸಬ್ರಿ ಸಂಸತ್ತಿನಲ್ಲೇ ನಿಜ ಹೇಳಿದರು: ನಿಜವಾಗಿ ಬಳಸಬಹುದಾದ ಮೀಸಲು 5 ಕೋಟಿ ಡಾಲರಿಗಿಂತ ಕಡಿಮೆ. ತೂಬಿನ ಮೇಲೆ ಒಂದು ಬೊಗಸೆ ನೀರು. ಅಷ್ಟರಲ್ಲಾಗಲೇ, ಏಪ್ರಿಲ್ 12ರಂದು, ವಿದೇಶಿ ಸಾಲ ಕಟ್ಟೋದನ್ನ ನಿಲ್ಲಿಸುತ್ತೇವೆ ಅಂತ ಆ ದೇಶ ಘೋಷಿಸಿತ್ತು. ಅದಕ್ಕೂ ಮೊದಲು, ಜನವರಿಯಲ್ಲಿ, ಇದ್ದಬದ್ದ ಡಾಲರಿನಲ್ಲಿ 50 ಕೋಟಿಯ ಒಂದು ಬಾಂಡ್ ತೀರಿಸಿದ್ದರು. ಔಷಧಿಗೆ ಆಗಬೇಕಿದ್ದ ಡಾಲರ್ ಸಾಲಗಾರರಿಗೆ ಹೋಯಿತು ಅಂತ ಜನ ಸಿಟ್ಟಾದರೆ ತಪ್ಪೇನು?

ಆಗಲೇ ಕಾಗದದ ವಿಷಯ ನೆನಪಿಟ್ಟುಕೊಳ್ಳಿ ಅಂದಿದ್ದೆ. ಆ ಮಾರ್ಚ್‌ನಲ್ಲಿ ಲಂಕೆಯ ಪಶ್ಚಿಮ ಪ್ರಾಂತ್ಯದ ಶಾಲೆಗಳಲ್ಲಿ ಪರೀಕ್ಷೆ ಮುಂದಕ್ಕೆ ಹೋಯಿತು. ಕಾರಣ, ಪ್ರಶ್ನೆಪತ್ರಿಕೆ ಮುದ್ರಿಸೋಕೆ ಕಾಗದ ಇಲ್ಲ. ಕಾಗದ ತರಿಸೋಕೆ ಡಾಲರ್ ಇಲ್ಲ. 'ದಿ ಐಲೆಂಡ್', 'ದಿವೈನ' ಪತ್ರಿಕೆಗಳು ಶನಿವಾರದ ಮುದ್ರಣ ನಿಲ್ಲಿಸಿದವು. ಆ ಸುದ್ದಿ ಓದುವಾಗ ನನಗೆ ನೆನಪಾದದ್ದು ನಮ್ಮ ಭದ್ರಾವತಿ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1936ರಲ್ಲಿ ಹುಟ್ಟಿದ ಮೈಸೂರು ಕಾಗದ ಕಾರ್ಖಾನೆ. 1980ರ ದಶಕದಿಂದ ಪತ್ರಿಕೆಗಳಿಗೆ ನ್ಯೂಸ್‌ಪ್ರಿಂಟ್ ಕೊಟ್ಟ ಕಾರ್ಖಾನೆ. ಅಲ್ಲಿ ತಯಾರಾದ ಒಂದೊಂದು ಟನ್ನೂ ಹೊರಗಿನಿಂದ ತರಿಸಬೇಕಿದ್ದ ಒಂದೊಂದು ಟನ್ನಿನ ಡಾಲರ್ ಉಳಿಸುತ್ತಿತ್ತು. 2015ರಲ್ಲಿ ಯಂತ್ರ ನಿಂತವು. ಭದ್ರಾವತಿಯ ಚಿಮಣಿ ನೋಡಿದಾಗ ನಾವು ಕೆಲಸ ಹೋದ ಕುಟುಂಬಗಳ ಬಗ್ಗೆ ಮಾತಾಡುತ್ತೇವೆ, ಮಾತಾಡಲೇಬೇಕು. ಆದರೆ ದೇಶದ ಮೀಸಲು ಹುಟ್ಟೋದೂ ಇಂಥ ಕಾರ್ಖಾನೆ, ಗದ್ದೆ, ತೋಟಗಳಲ್ಲೇ ಅನ್ನೋದನ್ನ ಮರೆಯುತ್ತೇವೆ. ರಿಸರ್ವ್ ಬ್ಯಾಂಕ್ ಅದನ್ನ ಕಾಯುತ್ತೆ ಅಷ್ಟೇ, ಬೆಳೆಯೋದಿಲ್ಲ.

ಹಾಗಾದರೆ ಎಷ್ಟು ಮೀಸಲು ಇದ್ದರೆ ಕ್ಷೇಮ? ಹಳೇ ಲೆಕ್ಕ: ಕನಿಷ್ಠ ಮೂರು ತಿಂಗಳ ಆಮದಿಗೆ ಸಾಕಾಗಬೇಕು. 1990ರ ದಶಕದ ಏಷ್ಯಾದ ಬಿಕ್ಕಟ್ಟಿನ ನಂತರ ಇನ್ನೊಂದು ಲೆಕ್ಕ ಬಂತು, ಅರ್ಜೆಂಟೀನಾದ ಗ್ವಿದೊತ್ತಿ ಮತ್ತು ಅಮೆರಿಕದ ಗ್ರೀನ್‌ಸ್ಪ್ಯಾನ್ ಹೆಸರಿನದ್ದು: ಮುಂದಿನ ಹನ್ನೆರಡು ತಿಂಗಳಲ್ಲಿ ತೀರಿಸಬೇಕಾದ ವಿದೇಶಿ ಸಾಲದಷ್ಟಾದರೂ ಮೀಸಲು ಇರಲಿ. ಒಂದು ವರ್ಷ ಯಾರೂ ಹೊಸ ಸಾಲ ಕೊಡದಿದ್ದರೂ ಬಾಗಿಲು ಮುಚ್ಚಬಾರದು. ವಿಚಿತ್ರ ನೋಡಿ, ಆ ಲೆಕ್ಕ ಹೇಳಿಕೊಟ್ಟ ಅರ್ಜೆಂಟೀನಾವೇ 2001ರಲ್ಲಿ ಮುಳುಗಿತು. ನಮ್ಮ ಅಜ್ಜಿಯ ಕೈ ಬಿದ್ದ ವರ್ಷ.

ಹೋದ ಡಿಸೆಂಬರಿನಲ್ಲಿ ಅಪ್ಪನನ್ನ ಕರೆದುಕೊಂಡು ಹೊಸನಗರ ದಾಟಿ ನಗರದ ಕೋಟೆಗೆ ಹೋಗಿದ್ದೆ. ಒಳಗೆ ಅಕ್ಕ ತಂಗಿ ಕೊಳ ಇದೆ, ದರ್ಬಾರಿನ ಜಗಲಿ ಇದೆ, ಮಿಕ್ಕಿದ್ದೆಲ್ಲ ಹುಲ್ಲು. ಒಂದು ಕೋಟಿ ಪೌಂಡಿನ ಊರಿನಲ್ಲಿ ಒಂದು ದನ ಮೇಯುತ್ತಿತ್ತು. ಅಪ್ಪ ಕಲ್ಲಿನ ಮೇಲೆ ಕೂತು ನೀರು ಕುಡಿದು, ಅಜ್ಜನ ಒಂದು ವಿಷಯ ಹೇಳಿದರು. ನನಗೆ ಗೊತ್ತೇ ಇರಲಿಲ್ಲ.

ಆ ರಾತ್ರಿಯ ನಂತರ ಅಜ್ಜ ಒಂದು ಕಟ್ಟುಪಾಡು ಮಾಡಿಕೊಂಡರಂತೆ. ಪ್ರತಿ ವರ್ಷ ಅಡಿಕೆ ಒಣಗಿ ಚೀಲಕ್ಕೆ ಬಿದ್ದ ಕೂಡಲೇ, ರೇಟು ಎಷ್ಟೇ ಇರಲಿ, ನಾಲ್ಕು ಚೀಲ ಮಾರಿಬಿಡೋದು. ಆ ದುಡ್ಡು ಬೇಕೆಂದಾಗ ಸಿಗುವ ಹಾಗೆ ಸೊಸೈಟಿಯ ಉಳಿತಾಯ ಖಾತೆಗೆ. ಊರಿನವರು ನಗುತ್ತಿದ್ದರು. "ಎರಡು ತಿಂಗಳು ತಡೆದಿದ್ರೆ ರೇಟು ಬರ್ತಿತ್ತು ಕಣ್ರೀ, ಸುಮ್ನೆ ಲಾಸ್ ಮಾಡ್ಕೋತೀರಿ." ಅಜ್ಜ ಲಾಸ್ ಆಗಲಿ ಅಂತಲೇ ಮಾರುತ್ತಿದ್ದರು. ಅದು ಲಾಸ್ ಅಲ್ಲ, ನಿದ್ದೆಯ ಬಾಡಿಗೆ ಅನ್ನುತ್ತಿದ್ದರಂತೆ. ಇನ್ನೊಂದು ಕೆಲಸವನ್ನೂ ತಪ್ಪಿಸುತ್ತಿರಲಿಲ್ಲ. ಮಂಡಿಯ ಬಾಕಿಯನ್ನ ಗಡುವಿಗೆ ಒಂದು ವಾರ ಮುಂಚೆ ಕಟ್ಟುತ್ತಿದ್ದರು. ಅವತ್ತು ಬೆಳಗ್ಗೆ ಮಂಡಿಯಲ್ಲಿ ದುಡ್ಡು ಸಿಕ್ಕಿದ್ದು ಅಟ್ಟದ ಅಡಿಕೆಗಲ್ಲ, ಹೆಸರಿಗೆ ಅಂತ ಅವರಿಗೆ ಗೊತ್ತಿತ್ತು.

ಇನ್ನು ಮುಂದೆ ನಮ್ಮಂಥವರು ಟಿವಿಯಲ್ಲಿ 'ದಾಖಲೆಯ ವಿದೇಶಿ ವಿನಿಮಯ ಸಂಗ್ರಹ' ಅಂತ ಡೋಲು ಬಾರಿಸಿದಾಗ, ಅಥವಾ ಯಾವುದೋ ಸಣ್ಣ ದೇಶ ಮುಳುಗಿತು ಅಂತ ಬೆಂಕಿ ತೋರಿಸಿದಾಗ, ದಯವಿಟ್ಟು ಮೂರೇ ಮೂರು ಪ್ರಶ್ನೆ ಕೇಳಿ. ಅದರಲ್ಲಿ ತೂಬಿನಿಂದ ಹೊರಬರುವುದು ಎಷ್ಟು? ಈ ವರ್ಷ ತೀರಿಸಬೇಕಾದ್ದು ಎಷ್ಟು? ರಾತ್ರಿ ಒಂದು ಗಂಟೆಗೆ ಬಾಗಿಲು ತಟ್ಟಿದರೆ ತೆರೆಯೋರು ಯಾರು?

ಆ ಮೂರಕ್ಕೂ ನನ್ನ ಹತ್ತಿರ ಉತ್ತರ ಇಲ್ಲದಿದ್ದರೆ ಚಾನೆಲ್ ಬದಲಿಸಿ. ನಮ್ಮಪ್ಪ ಹಾಗೇ ಮಾಡ್ತಾರೆ.